ಬಟ್ಟೆಗೆ ಕಟ್ಟಿದ ಅರಮನೆ: ಲೈಡನ್‌ನಲ್ಲಿ ನಾಲ್ಕು ದಿನ

ಮೊದಲ ದಿನ, ಸೋಮವಾರ

ನಾಲ್ಕು ವರ್ಷದ ಹಿಂದೆ ತಮ್ಮ ವಾಟ್ಸಾಪಿನಲ್ಲಿ ಒಂದು ಫೋಟೊ ಕಳಿಸಿದ್ದ. ಹಳೇ ಕಾಲದ ಯುರೋಪಿನ ಚಿತ್ರ. ಅದರಲ್ಲಿ ನೂಲುವವರು, ಹಾಸಿನ ಎಳೆ, ಅಂದರೆ ಮಗ್ಗದ ಉದ್ದದ ಎಳೆ ಜೋಡಿಸುವವರು, ನೇಯುವವರು ಎಲ್ಲರೂ ಒಂದೇ ಕಡೆ ಇದ್ದರು. ಇಳಕಲ್ಲಿನ ಮನೆಯಲ್ಲಿ ಅದನ್ನು ಅಪ್ಪನಿಗೆ ತೋರಿಸಿದೆ. ಅಪ್ಪ ಐವತ್ತು ವರ್ಷ ಮಗ್ಗದಲ್ಲಿ ಕೂತವರು. ಫೋನನ್ನು ಕಣ್ಣಿನ ಹತ್ತಿರ ತಂದರು, ಮತ್ತೆ ದೂರ ಹಿಡಿದರು. "ಇವರೂ ನಮ್ಮವರ" ಅಂದರು. ಅಷ್ಟೇ, ಮತ್ತೇನೂ ಹೇಳಲಿಲ್ಲ.

ಆ ಚಿತ್ರ ಇರುವುದು ನೆದರ್ಲೆಂಡ್ಸ್‌ನ ಲೈಡನ್ ಎಂಬ ಊರಿನಲ್ಲಿ. ಅಲ್ಲಿನ ಲಾಕನ್‌ಹಾಲ್ ಎಂಬ ಮ್ಯೂಸಿಯಂನಲ್ಲಿ. ಆ ಊರಿನ ಕಲೆ, ಊರಿನ ಚರಿತ್ರೆ ಎರಡೂ ಆ ಮ್ಯೂಸಿಯಂನಲ್ಲೇ ಇವೆ. ಈ ಸಲ ಸೆಪ್ಟೆಂಬರ್ ಕೊನೆಯ ವಾರ ತಮ್ಮನ ಮನೆಗೆ ಹೋದಾಗ ನಾನು ಮೊದಲೇ ಹೇಳಿಬಿಟ್ಟಿದ್ದೆ, ಬೇರೆ ಊರು ತೋರಿಸದಿದ್ದರೂ ಪರವಾಗಿಲ್ಲ, ನನಗೆ ಆ ಚಿತ್ರ ನೋಡಬೇಕು ಅಂತ. ತಮ್ಮ ಇರುವುದು ಹೇಗ್ ನಗರದಲ್ಲಿ. ಅಲ್ಲಿಂದ ಲೈಡನ್‌ಗೆ ರೈಲಿನಲ್ಲಿ ಹೆಚ್ಚು ಕಡಿಮೆ ಕಾಲು ಗಂಟೆ.

ಸ್ಟೇಷನ್ನಿನಿಂದ ನಡೆದೇ ಹೋದೆ. ಕಾಲುವೆಯ ದಂಡೆಯಲ್ಲಿ ಹಳೇ ಇಟ್ಟಿಗೆ ಮನೆಗಳ ನಡುವೆ ಒಂದು ಅಂಗಳ, ಅದರ ಹಿಂದೆ ದೊಡ್ಡ ಕಟ್ಟಡ. ಗೇಟು ಮುಚ್ಚಿತ್ತು. ಸೋಮವಾರ ಮ್ಯೂಸಿಯಂಗೆ ರಜೆ. ನಾನು ನೋಡಿಕೊಂಡು ಬರಬೇಕಿತ್ತು, ನೋಡಿರಲಿಲ್ಲ. ತಮ್ಮನಿಗೆ ಫೋನ್ ಮಾಡಿದೆ. "ಇರಲಿ ಬಿಡಕ್ಕಾ, ಊರು ಅಡ್ಡಾಡಿ ಬಾ. ಮೊದಲ ಊರು ನೋಡಿದ್ರ ಆಮ್ಯಾಲ ಒಳಗ ಎಲ್ಲಾ ತಿಳೀತದ" ಅಂದ. ಆ ಮಾತು ನಿಜವಾಯಿತು.

ಗೇಟಿನ ಸಂದಿಯಿಂದಲೇ ತುಂಬಾ ಹೊತ್ತು ಕಟ್ಟಡ ನೋಡಿದೆ. 1640ರಲ್ಲಿ ಕಟ್ಟಿದ್ದು. ಆರೆಂಟ್ ವಾನ್ ಸ್‌ಗ್ರಾವೆಸಾಂಡೆ ಎಂಬ ವಾಸ್ತುಶಿಲ್ಪಿಯ ಕೆಲಸ. ಅಳತೆಗೆ ಸರಿಯಾಗಿ ಜೋಡಿಸಿದ ಕಂಬ, ಕಿಟಕಿ, ಮೇಲೆ ತ್ರಿಕೋನದ ಮುಡಿ. ಯಾರೋ ದೊರೆಯ ಮನೆ ಅನ್ನಬೇಕು, ಹಾಗಿದೆ. ಆದರೆ ಇಲ್ಲಿ ಯಾವ ದೊರೆಯೂ ಇರಲಿಲ್ಲ. ಲಾಕನ್ ಅಂದರೆ ದಪ್ಪ ಉಣ್ಣೆ ಬಟ್ಟೆ. ಊರಿನಲ್ಲಿ ನೇಯ್ದ ಬಟ್ಟೆ ಮಾರುಕಟ್ಟೆಗೆ ಹೋಗುವ ಮೊದಲು ಇಲ್ಲಿಗೆ ಬರಬೇಕಿತ್ತು. ಇಲ್ಲಿ ಪರೀಕ್ಷೆ ಮಾಡಿ ಮುದ್ರೆ ಹಾಕುತ್ತಿದ್ದರು. ಒಂದು ಊರು ಬಟ್ಟೆಗೋಸ್ಕರ ಅರಮನೆ ಕಟ್ಟಿದೆ ಅಂತ ಯೋಚಿಸಿದಾಗ ಗಂಟಲು ಕಟ್ಟಿದ ಹಾಗಾಯಿತು. ನಮ್ಮ ಓಣಿಯಲ್ಲಿ ನೇಯ್ದ ಸೀರೆ ಯಾವತ್ತೂ ಸಾವಕಾರರ ಅಂಗಡಿಯ ಗಾದಿಯ ಮೇಲೆ ಬಿಚ್ಚಿಕೊಳ್ಳುತ್ತಿತ್ತು. ಕಲ್ಲಿನಲ್ಲಿ ಅದರ ಚಿತ್ರ ಕೆತ್ತಿದವರು ಯಾರೂ ಇರಲಿಲ್ಲ. ಇಲ್ಲಿ ಗೋಡೆಯ ಮೇಲೆ ಬಟ್ಟೆ ತಯಾರಾಗುವ ಕೆಲಸಗಳನ್ನೇ ಕೆತ್ತಿದ್ದಾರೆ.

ಉಳಿದ ಹೊತ್ತು ಊರು ಸುತ್ತಿದೆ. ಮ್ಯೂಸಿಯಂ ಹತ್ತಿರವೇ ದ ಫಾಲ್ಕ್ ಎಂಬ ಗಾಳಿಗಿರಣಿ. 1743ರದ್ದು. ಹಿಟ್ಟಿನ ಗಿರಣಿ ಇಷ್ಟು ಎತ್ತರ ಇರುತ್ತದೆ ಅಂತ ನಾನು ಅಂದುಕೊಂಡಿರಲಿಲ್ಲ. ಮನೆಗಳು ಗಾಳಿ ತಡೆಯಬಾರದು ಅಂತ ಹಾಗೆ ಎತ್ತರಿಸಿ ಕಟ್ಟಿದ್ದು. ಚಿತ್ರಕಾರ ರೆಂಬ್ರಾಂಟ್ ಹುಟ್ಟಿದ್ದೂ ಇದೇ ಊರಲ್ಲಿ, 1606ರಲ್ಲಿ, ಗಿರಣಿಯವನ ಮಗನಾಗಿ. ವೆಡ್ಡೆಸ್ಟೇಖ್ ಎಂಬ ಸಣ್ಣ ಓಣಿಯಲ್ಲಿ ಅವನ ಮನೆ ಇತ್ತು. ಈಗ ಮನೆ ಇಲ್ಲ, ಗೋಡೆಗೆ ಹಾಕಿದ ಕಲ್ಲು ಮಾತ್ರ ಇದೆ.

ಆಮೇಲೆ ವಾನ್ ಡರ್ ವೆರ್ಫ್ ಪಾರ್ಕಿನಲ್ಲಿ ಕೂತು ನಾದಿನಿ ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಚಟ್ನಿ ತಿಂದೆ. ಮರಗಳು, ಹುಲ್ಲು, ಪಕ್ಕದಲ್ಲಿ ನೀರು. ಇಷ್ಟು ಕಿಕ್ಕಿರಿದ ಹಳೇ ಊರಿನ ನಡುವೆ ಇಷ್ಟು ಬಯಲು ಹೇಗೆ ಉಳಿಯಿತು ಅನಿಸಿತು. ಉಳಿದದ್ದಲ್ಲ ಅಂತ ಆಮೇಲೆ ತಿಳಿಯಿತು. 1807ರ ಜನವರಿ 12ರಂದು ಕಾಲುವೆಯಲ್ಲಿ ನಿಂತಿದ್ದ, ಸಿಡಿಮದ್ದು ತುಂಬಿದ ಹಡಗು ಸಿಡಿದು 150ಕ್ಕೂ ಹೆಚ್ಚು ಜನ ಸತ್ತರು. ನೂರಾರು ಮನೆ ನೆಲಸಮವಾದವು. ನಾನು ಊಟ ಮಾಡಿದ್ದು ಆ ಮನೆಗಳಿದ್ದ ಜಾಗದಲ್ಲಿ. ಬುತ್ತಿ ಕಟ್ಟಿ ಎದ್ದೆ.

ಎರಡನೇ ದಿನ, ಮಂಗಳವಾರ

ಬೆಳಿಗ್ಗೆ ಹತ್ತಕ್ಕೆ ಬಾಗಿಲು ತೆರೆಯುವಾಗ ನಾನು ಅಂಗಳದಲ್ಲಿದ್ದೆ. ಬ್ಯಾಗು ಲಾಕರಿನಲ್ಲಿಟ್ಟು ಒಳಗೆ ಹೋದರೆ ಗಾಜಿನ ಚಾವಣಿಯ ಒಳ ಅಂಗಳ. ಸುತ್ತಲೂ ಹಳೇ ಇಟ್ಟಿಗೆ ಗೋಡೆ. ಕೆಲವು ಕಡೆ ಮುಚ್ಚಿದ ಕಿಟಕಿಯ ಗುರುತು, ತೇಪೆ ಹಾಕಿದ ಗುರುತು ಹಾಗೇ ಕಾಣುತ್ತದೆ. 2016ರಿಂದ ಮೂರು ವರ್ಷ ಮ್ಯೂಸಿಯಂ ಮುಚ್ಚಿ ದುರಸ್ತಿ ಮಾಡಿ 2019ರಲ್ಲಿ ಮತ್ತೆ ತೆರೆದರಂತೆ. ಹಳೆಯದನ್ನು ಹೊಸದರ ಹಾಗೆ ಮಾಡಿಲ್ಲ. ಅದು ನನಗೆ ಇಷ್ಟವಾಯಿತು. ಬಟ್ಟೆಯ ಕೆಲಸ ನಿಂತಮೇಲೆ, 1874ರಿಂದ ಈ ಕಟ್ಟಡ ಊರಿನ ಮ್ಯೂಸಿಯಂ ಆಗಿದೆ.

ನಾನು ಬೇರೆ ಏನನ್ನೂ ನೋಡದೆ ಆ ಚಿತ್ರ ಹುಡುಕಿಕೊಂಡು ಹೋದೆ.

ಅದು ಒಂದೇ ಚಿತ್ರ ಅಲ್ಲ, ಒಂದು ಸರಣಿ. ಬರೆದವನು ಐಸಾಕ್ ವಾನ್ ಸ್ವಾನೆನ್‌ಬುರ್ಗ್. ಕಾಲ 1594ರಿಂದ 1612ರ ನಡುವೆ. ಇದೇ ಊರಿನ ಇನ್ನೊಂದು ಬಟ್ಟೆ ಪರೀಕ್ಷೆಯ ಕಟ್ಟಡಕ್ಕೆ ಅಂತ ಬರೆಸಿದ್ದು. ಅಲ್ಲಿ ಸಾಯ್ ಎಂಬ ಹಗುರ ಉಣ್ಣೆ ಬಟ್ಟೆಗೆ ಮುದ್ರೆ ಹಾಕುತ್ತಿದ್ದರು. ಸ್ವಾನೆನ್‌ಬುರ್ಗ್ ಚಿತ್ರಕಾರ ಮಾತ್ರವಲ್ಲ, ಊರಿನ ಮೇಯರ್ ಕೂಡ ಆಗಿದ್ದವನು. ಅವನ ಮಗ ಯಾಕೊಬ್‌ನೇ ರೆಂಬ್ರಾಂಟ್‌ಗೆ ಮೊದಲ ಗುರು.

ಒಂದರಲ್ಲಿ ಕುರಿಯ ತುಪ್ಪಳದ ಚರ್ಮ ತೊಳೆಯುತ್ತಿದ್ದಾರೆ, ಉಣ್ಣೆ ವಿಂಗಡಿಸುತ್ತಿದ್ದಾರೆ. ಇನ್ನೊಂದರಲ್ಲಿ ಚರ್ಮದಿಂದ ಉಣ್ಣೆ ಕೀಳುವುದು, ಬಾಚುವುದು. ಮತ್ತೊಂದರಲ್ಲಿ ಬಟ್ಟೆಯನ್ನು ತೊಟ್ಟಿಯಲ್ಲಿ ಹಾಕಿ ತುಳಿದು ಗಟ್ಟಿ ಮಾಡುವುದು, ಬಣ್ಣ ಅದ್ದುವುದು. ಆ ತುಳಿಯುವ ಕೆಲಸಕ್ಕೆ ಮೂತ್ರವನ್ನೂ ಬಳಸುತ್ತಿದ್ದರು. ಆ ವಾಸನೆಯಲ್ಲಿ ದಿನವಿಡೀ ನಿಂತು ಕೆಲಸ ಮಾಡಿದ ಗಂಡಸರ ಕಾಲುಗಳನ್ನು ಚಿತ್ರಕಾರ ಎಷ್ಟು ಬಲವಾಗಿ ಬರೆದಿದ್ದಾನೆ ಅಂದರೆ ಮೀನಖಂಡದ ಗಂಟುಗಳೂ ಕಾಣುತ್ತವೆ. ದೇವರುಗಳನ್ನು, ವೀರರನ್ನು ಬರೆಯುವ ಹಾಗೇ ಇವರನ್ನು ಬರೆದಿದ್ದಾನೆ.

ಮತ್ತೆ ನಮ್ಮ ಚಿತ್ರ. ನೂಲುವುದು, ಹಾಸು ಮಾಡುವುದು, ನೇಯುವುದು. ಫೋನಿನಲ್ಲಿ ಅಂಗೈಯಷ್ಟಿದ್ದದ್ದು ಇಲ್ಲಿ ನನಗಿಂತ ದೊಡ್ಡದು. ನಾನು ಹತ್ತಿರ ಹೋಗಿ ಕೈಗಳನ್ನೇ ನೋಡಿದೆ. ರಾಟೆಯ ಮುಂದೆ ಎಳೆ ಹಿಡಿದ ಬೆರಳು. ಎಳೆ ಬಿಗಿಯಾಗಿದೆಯೋ ಸಡಿಲವಾಗಿದೆಯೋ ಅಂತ ತಿಳಿಯಲು ಹೀಗೇ ಹಿಡಿಯಬೇಕು. ನಮ್ಮವ್ವ ಮಗ್ಗದ ಪಕ್ಕ ಕೂತು ಕಂಡಿಕೆ, ಅಂದರೆ ಲಾಳಿಯೊಳಗಿಡುವ ನೂಲಿನ ಸುರುಳಿ ಸುತ್ತುವಾಗ ಇದೇ ಬೆರಳು, ಇದೇ ಮಣಿಕಟ್ಟು. ನಾವು ಸಾಲೆಯಿಂದ ಬಂದಮೇಲೆ ಆ ಕೆಲಸ ನಮ್ಮದು. ಒಂದು ಕಂಡಿಕೆ ಸಡಿಲ ಸುತ್ತಿದರೂ ಲಾಳಿಯಲ್ಲಿ ಎಳೆ ಸಿಕ್ಕಿಕೊಂಡು ಅಪ್ಪ ಮಗ್ಗ ನಿಲ್ಲಿಸಬೇಕಾಗುತ್ತಿತ್ತು. ಬೈಯುತ್ತಿರಲಿಲ್ಲ. ಮಗ್ಗದ ಸದ್ದು ನಿಂತರೆ ಸಾಕು, ನಮಗೇ ಗೊತ್ತಾಗುತ್ತಿತ್ತು.

ಈ ಕೆಲಸ ಕಲಿಸಿದವರು ಹೆಚ್ಚಿನವರು ಈ ಊರಿನವರಲ್ಲ ಅನ್ನುವುದನ್ನು ಹೇಳಲೇಬೇಕು. ಲೈಡನ್‌ನ ಹಳೇ ಬಟ್ಟೆ ವ್ಯಾಪಾರ ಬಿದ್ದುಹೋಗಿತ್ತು. ಆಗ ಈಗಿನ ಬೆಲ್ಜಿಯಂನ ಫ್ಲಾಂಡರ್ಸ್ ಕಡೆಯಿಂದ ಸ್ಪೇನ್ ಸೈನ್ಯಕ್ಕೂ ಧರ್ಮದ ಕಿರುಕುಳಕ್ಕೂ ಹೆದರಿ ನೇಕಾರರು ಮನೆ ಬಿಟ್ಟು ಬಂದರು. ಊರು ಅವರನ್ನು ಸೇರಿಸಿಕೊಂಡಿತು. ಹೊಸ ಬಗೆಯ ಹಗುರ ಬಟ್ಟೆ ಅವರ ಜೊತೆ ಬಂತು. ಸರಣಿಯಲ್ಲೇ ಇದನ್ನು ಹೇಳುವ ಒಂದು ಚಿತ್ರವಿದೆ: ಊರು ಒಬ್ಬ ಕನ್ಯೆ, ಅವಳ ಹತ್ತಿರ ಹಳೇ ಕಸುಬು ಮತ್ತು ಹೊಸ ಕಸುಬು ಇಬ್ಬರು ಹೆಂಗಸರ ರೂಪದಲ್ಲಿ ನಿಂತಿದ್ದಾರೆ. 1660ರ ದಶಕದ ಹೊತ್ತಿಗೆ ಇಲ್ಲಿ ವರ್ಷಕ್ಕೆ ಒಂದು ಲಕ್ಷಕ್ಕೂ ಜಾಸ್ತಿ ಥಾನು ತಯಾರಾಗುತ್ತಿತ್ತು. ವಲಸೆ ಬಂದವರ ಕೈಯಿಂದ ಊರು ಬದುಕಿತು ಅಂತ ಊರೇ ಗೋಡೆಯ ಮೇಲೆ ಬರೆಸಿ ಹಾಕಿಕೊಂಡಿದೆ. ಇದು ದೊಡ್ಡ ಮಾತು.

ಬಣ್ಣ ಅದ್ದುವ ಚಿತ್ರದ ಮುಂದೆ ನನಗೆ ಇನ್ನೊಂದು ನೆನಪಾಯಿತು. ಮುಂದೆ 17ನೇ ಶತಮಾನದಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿ ಗುಜರಾತಿನ ಸರ್ಖೇಜ್‌ನಿಂದ, ಆಗ್ರಾ ಹತ್ತಿರದ ಬಯಾನಾದಿಂದ ನೀಲಿಯನ್ನು ಕೊಂಡು ಹಡಗಿನಲ್ಲಿ ಯುರೋಪಿಗೆ ತಂದಿತು. ಇವರ ಉಣ್ಣೆಗೆ ನಮ್ಮ ಕಡೆಯ ಗಿಡದ ಬಣ್ಣ. ಯಾವ ನೀಲಿ ಎಲ್ಲಿಗೆ ಹೋಯಿತೋ, ಬೆಳೆದ ರೈತನಿಗೂ ಗೊತ್ತಿರಲಿಕ್ಕಿಲ್ಲ, ಉಟ್ಟವನಿಗೂ ಗೊತ್ತಿರಲಿಕ್ಕಿಲ್ಲ.

ಆಮೇಲೆ ಬಟ್ಟೆ ಪರೀಕ್ಷೆಯ ಕೋಣೆಗಳು. ಗಾಜಿನ ಪೆಟ್ಟಿಗೆಯಲ್ಲಿ ಸೀಸದ ಮುದ್ರೆಗಳು, ರೂಪಾಯಿ ಬಿಲ್ಲೆಯಷ್ಟು. ಬಟ್ಟೆಯ ಉದ್ದ, ಅಗಲ, ನೇಯ್ಗೆ, ಬಣ್ಣ ಎಲ್ಲ ನೋಡಿ ಸರಿಯಿದ್ದರೆ ಅಂಚಿಗೆ ಸೀಸದ ಮುದ್ರೆ ಒತ್ತುತ್ತಿದ್ದರು. ಲೈಡನ್ ಮುದ್ರೆ ಇದ್ದರೆ ದೂರದ ದೇಶದಲ್ಲೂ ಬಿಚ್ಚಿ ನೋಡದೆ ಕೊಳ್ಳುತ್ತಿದ್ದರು ಅನ್ನುವಷ್ಟು ಹೆಸರು. ಹೀಗೆ ಪರೀಕ್ಷೆ ಮಾಡುವವರಿಗೆ ಸ್ಟಾಲ್‌ಮೇಸ್ಟರ್ ಅನ್ನುತ್ತಾರೆ. ರೆಂಬ್ರಾಂಟ್ 1662ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಇಂಥವರನ್ನೇ ಬರೆದ ಚಿತ್ರ ಜಗತ್ತಿಗೆಲ್ಲ ಗೊತ್ತು.

ನನಗೆ ಆ ಕೋಣೆಯಲ್ಲಿ ನಿಲ್ಲುವುದು ಸುಲಭವಾಗಲಿಲ್ಲ. ಚಿಕ್ಕವಳಿದ್ದಾಗ ಅಪ್ಪನ ಜೊತೆ ಸೀರೆ ಕೊಡಲು ಹೋಗುತ್ತಿದ್ದೆ. ಸಾವಕಾರರು ಸೀರೆ ಬಿಚ್ಚಿ ಬೆಳಕಿಗೆ ಹಿಡಿಯುತ್ತಿದ್ದರು. ಎಲ್ಲೋ ಒಂದು ಎಳೆ ತಪ್ಪಿದ್ದರೆ ಬೆರಳಿಟ್ಟು ತೋರಿಸಿ ಕೂಲಿಯಲ್ಲಿ ಹಿಡಿಯುತ್ತಿದ್ದರು. ಅಪ್ಪ ಏನೂ ಅನ್ನದೆ ನೆಲ ನೋಡುತ್ತಿದ್ದರು. ಒಂದು ಸಲ ಮನೆಗೆ ಬರುವಾಗ ದಾರಿಯಲ್ಲಿ, "ಆ ಎಳಿ ನಾ ತಪ್ಪಿದ್ದು ಖರೇನ. ಮೋಡ ಆಗಿತ್ತು ಅವತ್ತ" ಅಂದಿದ್ದರು. ಈ ದೊಡ್ಡ ಕಿಟಕಿಗಳ ಕೋಣೆಯಲ್ಲಿ ಎಷ್ಟು ನೇಕಾರರು ಹೀಗೆ ನೆಲ ನೋಡಿಕೊಂಡು ನಿಂತಿದ್ದರೋ. ಪರೀಕ್ಷೆ ಮಾಡಿದವರ ಭಾವಚಿತ್ರಗಳು ಉಳಿದಿವೆ. ಹೆಸರೂ ಉಳಿದಿವೆ. ನೇಯ್ದವರದು ಉಳಿದಿಲ್ಲ. ಸ್ವಾನೆನ್‌ಬುರ್ಗ್ ಬರೆದ ಆ ಕೈಗಳು ಯಾರವು ಅಂತ ಯಾರೂ ಬರೆದಿಟ್ಟಿಲ್ಲ.

ಮೂರು ಗಂಟೆಯಾಗಿತ್ತು. ಹೊರಗೆ ಹೋಗುವ ಮೊದಲು ಒಂದೇ ಒಂದು ಅಂತ ಲ್ಯೂಕಸ್ ವಾನ್ ಲೈಡನ್‌ನ 'ಕೊನೆಯ ತೀರ್ಪು' ನೋಡಿದೆ. ಮೂರು ಹಲಗೆಯ ದೊಡ್ಡ ಚಿತ್ರ, 1526–27ರದ್ದು. ನಡುವೆ ಕಾಮನಬಿಲ್ಲಿನ ಮೇಲೆ ಕೂತ ಕ್ರಿಸ್ತ, ಕೆಳಗೆ ಸಮಾಧಿಯಿಂದ ಏಳುತ್ತಿರುವ ಜನ. ಒಂದು ಬದಿಗೆ ಸ್ವರ್ಗ, ಇನ್ನೊಂದು ಬದಿಗೆ ಬೆಂಕಿ, ದೆವ್ವಗಳು. ನಮ್ಮಲ್ಲಿ ಜಾತ್ರೆಯಲ್ಲಿ ಮಾರುತ್ತಿದ್ದ ಯಮಲೋಕದ ಪಟ ನೆನಪಾಯಿತು. ಆದರೆ ಇಲ್ಲಿ ಹೆದರಿಕೆಗಿಂತ ಮೈಗಳ ಬಣ್ಣ ಮನಸ್ಸಿನಲ್ಲಿ ನಿಲ್ಲುತ್ತದೆ. ಮುತ್ತಿನಂಥ ತಿಳಿ ಬಣ್ಣ, ಮೇಲೆ ತುಂಬಾ ಗಾಳಿ, ತುಂಬಾ ಆಕಾಶ.

ಇದು ಉಳಿದು ಬಂದ ಕಥೆಯೇ ಒಂದು ದೊಡ್ಡ ಕಥೆ. ಮೊದಲು ಇದು ಊರಿನ ಪೀಟರ್ಸ್ ಚರ್ಚಿನಲ್ಲಿತ್ತು. 1566ರಲ್ಲಿ ಚರ್ಚುಗಳ ಚಿತ್ರ, ಮೂರ್ತಿ ಒಡೆಯುವ ಗಲಾಟೆ ಎದ್ದಾಗ ಊರಿನವರು ಕಾಪಾಡಿದರು. ಆಮೇಲೆ ಪುರಭವನದಲ್ಲಿ ತೂಗುಹಾಕಿದರು. ಚಕ್ರವರ್ತಿ ಎರಡನೇ ರುಡಾಲ್ಫ್ ಕೊಳ್ಳುತ್ತೇನೆ ಅಂದರೂ ಕೊಡಲಿಲ್ಲ. ಮ್ಯೂಸಿಯಂ ಆದಮೇಲೆ ಇಲ್ಲಿಗೆ ಬಂತು. 1929ರ ಚಳಿಗಾಲದಲ್ಲಿ ಆ ಪುರಭವನ ಸುಟ್ಟುಹೋಯಿತು, ರಸ್ತೆ ಕಡೆಯ ಮುಂಭಾಗದ ಗೋಡೆ ಮಾತ್ರ ನಿಂತಿತು. ಅಲ್ಲೇ ಇದ್ದಿದ್ದರೆ?

ಮೂರನೇ ದಿನ, ಬುಧವಾರ

ಬುಧವಾರ ತಮ್ಮನ ಮಗಳಿಗೆ ಅರ್ಧ ದಿನ ಶಾಲೆ. ಮಧ್ಯಾಹ್ನ ಅವಳನ್ನು ಕರೆದುಕೊಂಡು ನಾದಿನಿ ಬರುವುದು ಅಂತ ಮಾತಾಗಿತ್ತು. ಅಲ್ಲಿಯವರೆಗೆ ನಾನು ಸಂತೆ ನೋಡಿದೆ. ಬುಧವಾರ ಮತ್ತು ಶನಿವಾರ ಹೊಸ ರೈನ್ ನದಿಯ ಎರಡೂ ದಂಡೆಯಲ್ಲಿ ಸಂತೆ. ಹೂವು, ಮೀನು, ಬ್ರೆಡ್ಡು, ಗುಂಡಿ ದಾರ, ಬಟ್ಟೆ. ಒಂದು ಚೀಸಿನ ಅಂಗಡಿಯಲ್ಲಿ ತುಂಡು ಕೊಟ್ಟು ರುಚಿ ನೋಡಿ ಅಂದರು. ಬಾಯಿಗೆ ಹಾಕಿದರೆ ಜೀರಿಗೆ! ಲೈಡನ್ ಚೀಸ್ ಅಂದರೆ ಜೀರಿಗೆ ಹಾಕಿದ್ದೇ ಅಂತೆ. ಅರ್ಧ ಕೆಜಿ ಕಟ್ಟಿಸಿದೆ. ಸಂಜೆ ಮನೆಯಲ್ಲಿ ಬಿಸಿ ರೊಟ್ಟಿಯ ಮೇಲೆ ತುರಿದು ತಿಂದೆವು, ತುಂಬಾ ಹೊಂದಿತು.

ಹುಡುಗಿ ಬಂದಮೇಲೆ ಮ್ಯೂಸಿಯಂ ಬೇರೆಯೇ ಆಯಿತು. ಅವಳು ಡಚ್ ಓದುತ್ತಾಳೆ. ನನ್ನ ಕೈ ಹಿಡಿದು ಸೀದಾ ಒಂದು ಪಾತ್ರೆಯ ಮುಂದೆ ಎಳೆದುಕೊಂಡು ಹೋದಳು.

"ಅತ್ತೀ, ಇದ ನೋಡು. ಈ ಕಥಿ ನಮಗ ಸಾಲ್ಯಾಗ ಹೇಳ್ಯಾರ."

ನೋಡಲಿಕ್ಕೆ ಸಾದಾ ಅಡುಗೆ ಪಾತ್ರೆ. ಅದರ ಕಥೆಯನ್ನು ಅವಳು ಹೇಳಿದ್ದು ಹೀಗೆ, ನಾನು ಗೋಡೆಯ ಬರಹದಿಂದ ಇಸವಿ ಸೇರಿಸಿದ್ದೇನೆ. 1574ರಲ್ಲಿ ಸ್ಪೇನ್ ಸೈನ್ಯ ಲೈಡನ್‌ಗೆ ಮುತ್ತಿಗೆ ಹಾಕಿತ್ತು. ಮೇ ಕೊನೆಯಿಂದ ಯಾರೂ ಒಳಗೆ ಬರುವ ಹಾಗಿಲ್ಲ, ಹೊರಗೆ ಹೋಗುವ ಹಾಗಿಲ್ಲ. ಹಸಿವು, ಅದರ ಮೇಲೆ ಪ್ಲೇಗು. ಸಾವಿರಾರು ಜನ ಸತ್ತರು. ಹೊರಗಿನಿಂದ ಸುದ್ದಿ ತಂದದ್ದು ಪಾರಿವಾಳಗಳು. ಕೊನೆಗೆ ಸ್ಪೇನ್ ಆಳ್ವಿಕೆಯ ವಿರುದ್ಧ ದಂಗೆ ಎದ್ದವರ ನಾಯಕನಾದ ಆರೆಂಜ್ ದೊರೆ ವಿಲಿಯಂ ಕಡೆಯವರು ತಮ್ಮದೇ ಏರಿಗಳನ್ನು ಒಡೆದರು. ಹೊಲಗಳಿಗೆ ನೀರು ನುಗ್ಗಲಿ, ಅದರ ಮೇಲೆ ದೋಣಿಗಳು ಬರಲಿ ಅಂತ. ಬೆಳೆದ ಹೊಲವನ್ನು ತಾವೇ ಮುಳುಗಿಸುವುದು ಅಂದರೆ ಎಂಥ ನಿರ್ಧಾರ ಇರಬೇಕು! ಮೊದಲಿಗೆ ನೀರು ಸಾಲಲಿಲ್ಲ. ಅಕ್ಟೋಬರ್ ಮೊದಲಲ್ಲಿ ಬಿರುಗಾಳಿ ಎದ್ದು ಸಮುದ್ರದ ನೀರನ್ನು ಒಳಕ್ಕೆ ತಳ್ಳಿತು. ಸ್ಪೇನಿನವರು ರಾತ್ರಿ ಓಡಿಹೋದರು. ಅಕ್ಟೋಬರ್ 3ರ ಬೆಳಿಗ್ಗೆ ದೋಣಿಗಳು ಹೆರ್ರಿಂಗ್ ಮೀನು, ಬಿಳಿ ಬ್ರೆಡ್ಡು ತಂದವು.

ಅವತ್ತು ಕಾರ್ನೆಲಿಸ್ ಯೋಪೆನ್ಸ್‌ಜೋನ್ ಎಂಬ ಅನಾಥ ಹುಡುಗ ಖಾಲಿಯಾದ ಸ್ಪೇನಿನವರ ಕೋಟೆಗೆ ನುಗ್ಗಿದನಂತೆ. ಅಲ್ಲಿ ಬಿಟ್ಟುಹೋದ ಪಾತ್ರೆಯಲ್ಲಿ ಗೆಡ್ಡೆ, ಈರುಳ್ಳಿ, ಮಾಂಸದ ಸಾರು ಇತ್ತಂತೆ. ಅದೇ ಈ ಪಾತ್ರೆ ಅಂತ ಊರಿನವರ ನಂಬಿಕೆ. ಇವತ್ತಿಗೂ ಅಕ್ಟೋಬರ್ 3ಕ್ಕೆ ಊರಿಗೆ ರಜೆ, ಮನೆಮನೆಯಲ್ಲಿ ಹುಟ್ಸ್‌ಪಾಟ್ ಎಂಬ ಅಡುಗೆ. ಈಗ ಅದಕ್ಕೆ ಗಜ್ಜರಿ, ಈರುಳ್ಳಿ, ಆಲೂಗಡ್ಡೆ ಬೇಯಿಸಿ ಕಿವುಚುತ್ತಾರೆ. ಆ ಕಾಲದಲ್ಲಿ ಆಲೂಗಡ್ಡೆ ಇಲ್ಲಿಗೆ ಬಂದೇ ಇರಲಿಲ್ಲ.

"ಆ ಹುಡುಗ ಒಬ್ಬನ ತಿಂದನಾ, ಎಲ್ಲರಿಗೂ ತಂದನಾ?" ಅಂತ ಹುಡುಗಿ ಕೇಳಿದಳು. ನಾದಿನಿ, "ತಂದಾನ, ಅದಕ್ಕ ಪಾತ್ರಿ ಇಲ್ಲೈತಿ" ಅಂದಳು. ಒಳ್ಳೆಯ ಉತ್ತರ.

ಪಕ್ಕದ ಗೋಡೆ ತುಂಬ ದೊಡ್ಡ ಚಿತ್ರವೊಂದಿದೆ. ಬೆಲ್ಜಿಯಂನ ವಾನ್ ಬ್ರೇ 1816–17ರಲ್ಲಿ ಬರೆದದ್ದು. ಹಸಿದ ಜನ ಶರಣಾಗೋಣ ಅಂತ ಕೂಗಿದಾಗ ಮೇಯರ್ ವಾನ್ ಡರ್ ವೆರ್ಫ್, ಬೇಕಾದರೆ ನನ್ನ ಮೈ ಕತ್ತರಿಸಿ ತಿನ್ನಿ, ಊರು ಮಾತ್ರ ಬಿಟ್ಟುಕೊಡುವುದಿಲ್ಲ ಅಂದನಂತೆ. ಚಿತ್ರ ನಾಟಕದ ಹಾಗಿದೆ. ಎಲ್ಲರೂ ಕೈ ಎತ್ತಿದ್ದಾರೆ, ಬೆಳಕೆಲ್ಲ ಮೇಯರ್ ಮೇಲೆ. ನನಗೆ ಅದಕ್ಕಿಂತ ಆ ಮುತ್ತಿಗೆಯ ಕಾಲದ ಕಾಗದದ ನಾಣ್ಯ ಜಾಸ್ತಿ ತಟ್ಟಿತು. ಲೋಹವೇ ಇಲ್ಲದಾಗ ಕಾಗದ ಒತ್ತಿ ನಾಣ್ಯ ಮಾಡಿದರು. ಅದರ ಮೇಲೆ ಲ್ಯಾಟಿನ್‌ನಲ್ಲಿ 'ಇದು ಸ್ವಾತಂತ್ರ್ಯಕ್ಕಾಗಿ' ಅಂತ ಬರೆದಿದೆ. ಮರುವರ್ಷ, 1575ರಲ್ಲಿ, ಊರಿಗೆ ವಿಶ್ವವಿದ್ಯಾಲಯ ಬಂತು. ಊರು ತೋರಿದ ಧೈರ್ಯಕ್ಕೆ ಕೊಟ್ಟ ಬಹುಮಾನ ಅಂತ ಇಲ್ಲಿಯವರು ಹೇಳುತ್ತಾರೆ.

ರೆಂಬ್ರಾಂಟ್‌ನ ಚಿತ್ರಕ್ಕೆ ಹುಡುಗಿಯನ್ನು ಎತ್ತಿಕೊಳ್ಳಬೇಕಾಗಲಿಲ್ಲ, ಅದು ಅಷ್ಟು ಸಣ್ಣದು. ನೋಟ್‌ಬುಕ್ಕಿಗಿಂತ ಚಿಕ್ಕ ಹಲಗೆ. 'ಕನ್ನಡಕ ಮಾರುವವನು'. ಅವನು ಇದನ್ನು ಬರೆದಾಗ ಅವನಿಗೆ ಹದಿನೆಂಟೋ ಹತ್ತೊಂಬತ್ತೋ ವಯಸ್ಸು. ಪೇಟ ಸುತ್ತಿದ ವ್ಯಾಪಾರಿ ಒಬ್ಬ ಮುದುಕನಿಗೂ ಮುದುಕಿಗೂ ಕನ್ನಡಕ ತೋರಿಸುತ್ತಿದ್ದಾನೆ. ಐದು ಇಂದ್ರಿಯಗಳ ಮೇಲೆ ಬರೆದ ಸರಣಿಯಲ್ಲಿ ಇದು ನೋಟದ ಚಿತ್ರ. ಕಿವಿಯದು, ಸ್ಪರ್ಶದ್ದು ಮೊದಲೇ ಗೊತ್ತಿದ್ದವು. ಮೂಗಿನ ಚಿತ್ರ 2015ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಒಂದು ಹರಾಜಿನಲ್ಲಿ ಸಿಕ್ಕಿತು. ರುಚಿಯ ಚಿತ್ರ ಇನ್ನೂ ಸಿಕ್ಕಿಲ್ಲ. "ಯಾರದರ ಅಟ್ಟದ ಮ್ಯಾಲ ಇರಬಹುದು" ಅಂದಳು ಹುಡುಗಿ. ನಾನು ಆ ಮುದುಕನ ಕಣ್ಣು ನೋಡುತ್ತಿದ್ದೆ. ಕಣ್ಣು ಮಂಜಾದಮೇಲೆ ಅಪ್ಪ ಸೆರಗಿನ ಕೊಂಡಿ ಹಾಕುವುದನ್ನು ಬಿಟ್ಟರು. ಒಡಲಿಗೆ ಒಂದು ಹಾಸು, ಸೆರಗಿಗೆ ಬೇರೆ ಹಾಸು. ಇಳಕಲ್ ಸೀರೆಯಲ್ಲಿ ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಸೇರಿಸಬೇಕು. ಕಣ್ಣಿಲ್ಲದೆ ಆಗದ ಕೆಲಸ ಅದು.

ಚಿತ್ರಕಾರರಾದ ಯಾನ್ ಸ್ಟೇನ್, ಖೆರಿಟ್ ಡೌ ಬರೆದವು, 1917ರಲ್ಲಿ ಇದೇ ಊರಿನಿಂದ ಶುರುವಾದ ದ ಸ್ಟೈಲ್ ಎಂಬ ಕಲಾ ಪತ್ರಿಕೆಯ ಚೌಕ ಚೌಕದ ಬಣ್ಣಗಳು, ಎಲ್ಲವನ್ನೂ ಬೇಗ ಬೇಗ ನೋಡಿದೆವು. ಹುಡುಗಿಗೆ ಹಸಿವಾಗಿತ್ತು.

ನಾಲ್ಕನೇ ದಿನ, ಗುರುವಾರ

ಮ್ಯೂಸಿಯಂನ ಬಾಗಿಲಲ್ಲಿ ಕೂತಿದ್ದ ಒಬ್ಬ ಹೆಂಗಸು ಬುಧವಾರ ನನ್ನನ್ನು ಗುರುತು ಹಿಡಿದಿದ್ದರು. ನೇಕಾರರ ಮನೆಯವಳು ಅಂತ ಹೇಳಿದಾಗ, ಹಾಗಾದರೆ ಮಿಡ್ಡೆಲ್‌ಸ್ಟೆಖ್ರಾಖ್ಟ್ ರಸ್ತೆಯಲ್ಲಿರುವ ನೇಕಾರನ ಮನೆಗೂ ಹೋಗಿ ಅಂದಿದ್ದರು. ಆ ಒಂದು ಮಾತಿಗೆ ನಾನು ಅವರಿಗೆ ಋಣಿ.

ಊರಿನ ಪೂರ್ವದ ಕಡೆ, ದೊಡ್ಡ ಕಾಲುವೆಗಳಿಂದ ದೂರ. ರಸ್ತೆ ಅಗಲವಿದೆ, ಮನೆ ಮಾತ್ರ ಪುಟ್ಟದು. ಸುಮಾರು 1560ರಲ್ಲಿ ಕಟ್ಟಿದ್ದು. ಹೀಗೇ ಸಾಲಾಗಿದ್ದ ನೇಕಾರರ ಮನೆಗಳಲ್ಲಿ ಇದು ಉಳಿದಿದೆ. ಊರಿನವರೇ ಬಿಡುವಿನಲ್ಲಿ ಬಂದು ನೋಡಿಕೊಳ್ಳುತ್ತಾರೆ. ಮಧ್ಯಾಹ್ನ ಮಾತ್ರ ತೆರೆದಿರುತ್ತದೆ.

ಬಾಗಿಲು ದಾಟಿದರೆ ಎದುರಿಗೆ ಮಗ್ಗ. ಕೋಣೆಯೆಲ್ಲ ಅದೇ. ಮನುಷ್ಯರು ಅದರ ಸುತ್ತ ಉಳಿದ ಜಾಗದಲ್ಲಿ ಬದುಕಬೇಕು. ನಮ್ಮ ಮನೆಯಲ್ಲೂ ಹಾಗೇ ಇತ್ತು. ಹಾಸಿಗೆ ಎಲ್ಲಿ, ಒಲೆ ಎಲ್ಲಿ, ಅತಿಥಿ ಬಂದರೆ ಎಲ್ಲಿ ಕೂರಬೇಕು, ಎಲ್ಲವನ್ನೂ ಮಗ್ಗವೇ ಹೇಳುತ್ತಿತ್ತು. ಅಲ್ಲಿ ಅರಮನೆಯಂಥ ಕಟ್ಟಡದಲ್ಲಿ ಕಳೆದ ಎರಡು ದಿನ ನನಗೆ ಏನೋ ಒಂದು ಸಿಕ್ಕಿರಲಿಲ್ಲ. ಇಲ್ಲಿ ಸಿಕ್ಕಿತು. ಮರದ ವಾಸನೆ, ಎಣ್ಣೆಯ ವಾಸನೆ, ನೂಲಿನ ಧೂಳು.

ಇಬ್ಬರು ವಯಸ್ಸಾದ ಹೆಂಗಸರು ಇದ್ದರು. ಒಬ್ಬರು ಮಗ್ಗದಲ್ಲಿ ಕೂತು ನಾಲ್ಕು ಸಲ ಲಾಳಿ ಹೊಡೆದು ತೋರಿಸಿದರು. ಇದು ನೆಲದ ಮೇಲೆ ನಿಂತ ಮಗ್ಗ, ನಮ್ಮದರ ಹಾಗೆ ಕಾಲು ಇಳಿಬಿಡುವ ಕುಣಿ ಇಲ್ಲ. ಬೆಂಚಿನ ಮೇಲೆ ಕೂರಬೇಕು. ಸದ್ದು ಬೇರೆ, ನಮ್ಮದಕ್ಕಿಂತ ಒರಟು. ಆದರೆ ಹೊಕ್ಕು ಬಡಿದಮೇಲೆ ಕ್ಷಣ ಹೊತ್ತು ಕೈ ನಿಲ್ಲುತ್ತದಲ್ಲ, ಅದು ಒಂದೇ. 17ನೇ ಶತಮಾನದಲ್ಲಿ ಇಂಥ ಮನೆಗಳಲ್ಲಿ ಗಂಡ ನೇಯುತ್ತಿದ್ದ, ಹೆಂಡತಿ ಮಕ್ಕಳು ನೂಲುತ್ತಿದ್ದರು, ಚಿಕ್ಕ ಮಕ್ಕಳಿಗೂ ಕೆಲಸವಿತ್ತು ಅಂತ ಅವರು ಇಂಗ್ಲಿಷಿನಲ್ಲಿ ಹೇಳಿದರು. ಕೂಲಿ ಕಡಿಮೆ, ಬಾಡಿಗೆ ಹೆಚ್ಚು. ನಾನು ತಲೆಯಾಡಿಸಿದೆ.

ನಾನು ಅವತ್ತು ಇಳಕಲ್ ಸೀರೆ ಉಟ್ಟಿದ್ದೆ, ಮೇಲೆ ಜಾಕೆಟ್. ಅಪ್ಪ ನೇಯ್ದ ಕೊನೆಯ ಸೀರೆಗಳಲ್ಲಿ ಒಂದು. ದಾಳಿಂಬೆ ಬಣ್ಣದ ಒಡಲು, ಟೋಪು ತೆನಿ ಎಂಬ ವಿನ್ಯಾಸದ ಸೆರಗು. ಜಾಕೆಟ್ ತೆಗೆದು ಸೆರಗು ಹರಡಿ ತೋರಿಸಿದೆ. ಕೊಂಡಿ ಹಾಕಿದ ಜಾಗ ತೋರಿಸಿ, ಇಲ್ಲಿ ಎರಡು ಹಾಸು ಸೇರುತ್ತವೆ ಅಂದೆ. ಹಿರಿಯಾಕೆ ಮೊದಲು ನಂಬಲಿಲ್ಲ. ಮೇಜಿನಿಂದ ಭೂತಗನ್ನಡಿ ತಂದರು. ಕಿಟಕಿಯ ಹತ್ತಿರ ನನ್ನನ್ನು ನಿಲ್ಲಿಸಿ, ಸೆರಗನ್ನು ಬೆಳಕಿಗೆ ಹಿಡಿದರು. ಒಂದು ಕ್ಷಣ ಸಾವಕಾರರ ಅಂಗಡಿ ಕಣ್ಣ ಮುಂದೆ ಬಂತು. ಆದರೆ ಆಕೆ ತಪ್ಪು ಹುಡುಕುತ್ತಿರಲಿಲ್ಲ. ಡಚ್‌ನಲ್ಲಿ ಮೆಲ್ಲಗೆ ಎಳೆ ಎಣಿಸುತ್ತಿದ್ದರು. ಎಣಿಸುತ್ತಾ ಎಣಿಸುತ್ತಾ ಒಂದು ಹಂತದಲ್ಲಿ ಬಿಟ್ಟು ನನ್ನ ಮುಖ ನೋಡಿದರು. "ಯಾರು ಮಾಡಿದ್ದು?" ಅಂತ ಕೇಳಿದರು.

ನಾನು ಅಪ್ಪನ ಹೆಸರು ಹೇಳಿದೆ. ಬರೆದುಕೊಡಿ ಅಂದರು. ಅಲ್ಲಿ ಬಂದವರು ಬರೆಯುವ ಪುಸ್ತಕವಿತ್ತು. ಅದರಲ್ಲಿ ಕನ್ನಡದಲ್ಲಿ ಅಪ್ಪನ ಪೂರ್ತಿ ಹೆಸರು, ಊರು ಇಳಕಲ್, ಕಸುಬು ನೇಕಾರಿಕೆ ಅಂತ ಬರೆದೆ. ಕೆಳಗೆ ಇಂಗ್ಲಿಷಿನಲ್ಲೂ ಬರೆದೆ.

ಆಮೇಲೆ ಅಪ್ಪನಿಗೆ ವಿಡಿಯೊ ಕಾಲ್ ಮಾಡಿದೆ. ಅಲ್ಲಿ ಸಂಜೆಯಾಗಿತ್ತು. ಮಗ್ಗ ತೋರಿಸಿದೆ, ಲಾಳಿ ತೋರಿಸಿದೆ, ಹಿರಿಯಾಕೆ ಕೈ ಬೀಸಿದರು. ಅಪ್ಪ ಫೋನನ್ನು ಹತ್ತಿರ ತಂದು, ದೂರ ಹಿಡಿದು ನೋಡಿದರು.

"ಕಿಡಕಿ ಎಲ್ಲೈತಿ? ಬೆಳಕ ಯಾವ ಕಡಿಂದ ಬರ್ತದ?"

ನಾನು ಫೋನು ಕಿಟಕಿಯ ಕಡೆ ತಿರುಗಿಸಿದೆ.

"ಹಾಂ," ಅಂದರು ಅಪ್ಪ. "ಸರಿಯಾಗಿ ಇಟ್ಟಾರ."